ಹೊಗೆಗಾಳಿಯ ದಿನಗಳಲ್ಲಿ ಇನ್‌ಹೇಲರ್

ಪ್ರಶ್ನೆ: ನನಗೆ ಹಲವು ವರ್ಷಗಳಿಂದ ಅಸ್ತಮಾ ಇದೆ. ಗಾಳಿಯಲ್ಲಿ ಹೊಗೆ ಹೆಚ್ಚಿದ ವಾರಗಳಲ್ಲಿ ಸಾಲ್ಬುಟಮಾಲ್ ಇನ್‌ಹೇಲರನ್ನು ದಿನಕ್ಕೆ ಮೂರು ನಾಲ್ಕು ಬಾರಿ ಬಳಸಬೇಕಾಗುತ್ತಿದೆ. ದೇಹ ಔಷಧಕ್ಕೆ ಒಗ್ಗಿಹೋಗಿದೆಯೇ?

ಉತ್ತರ: ಔಷಧದ ಶಕ್ತಿ ಕುಂದಿತೆನ್ನುವುದಕ್ಕಿಂತ ನಿಮ್ಮ ಶ್ವಾಸನಾಳಗಳ ಉರಿಯೂತ ಹೆಚ್ಚಿದೆಯೆಂದು ತಿಳಿಯುವುದೇ ಹೆಚ್ಚು ಸರಿ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡ್‌ಗಳು ನಾಳಗಳ ಒಳಪದರವನ್ನು ಕೆರಳಿಸಿ, ಮೊದಲೇ ಸೂಕ್ಷ್ಮವಾಗಿರುವ ನಾಳಗಳು ಊದಿಕೊಂಡು ಬಿಗಿಯುವಂತೆ ಮಾಡುತ್ತವೆ. ಈ ಪರಿಣಾಮ ಕೆಲವೊಮ್ಮೆ ಒಂದೆರಡು ದಿನ ತಡವಾಗಿ ಕಾಣಿಸುವುದರಿಂದ, ಗಾಳಿ ತಿಳಿಯಾದ ಮೇಲೂ ಇನ್‌ಹೇಲರಿನ ಅಗತ್ಯ ಮುಂದುವರಿಯಬಹುದು.

ಸಾಲ್ಬುಟಮಾಲ್ ನಾಳಗಳ ಸುತ್ತಲಿನ ಸ್ನಾಯುಗಳನ್ನು ನಾಲ್ಕರಿಂದ ಆರು ಗಂಟೆಗಳ ಕಾಲ ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ತಗ್ಗಿಸುವುದಿಲ್ಲ. ಆ ಕೆಲಸ ಸ್ಟೆರಾಯ್ಡ್ ಇನ್‌ಹೇಲರಿನದು. ತಕ್ಷಣದ ಆರಾಮ ಕೊಡದ ಕಾರಣಕ್ಕೆ ಅದನ್ನೇ ಬಿಟ್ಟುಬಿಡುವವರು ಬಹಳ, ಮತ್ತು ನನ್ನ ದೃಷ್ಟಿಯಲ್ಲಿ ತೊಂದರೆಯ ಮೂಲ ಅನೇಕ ಬಾರಿ ಅಲ್ಲಿಯೇ ಇರುತ್ತದೆ. ವಾರದಲ್ಲಿ ಎರಡು ದಿನಗಳಿಗಿಂತ ಹೆಚ್ಚು ಸಾಲ್ಬುಟಮಾಲ್‌ನಂಥ ಉಪಶಮನದ ಇನ್‌ಹೇಲರ್ ಬೇಕಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲವೆಂದೇ ಅರ್ಥವಾದ್ದರಿಂದ, ನೀವು ತಡಮಾಡದೆ ವೈದ್ಯರನ್ನು ಕಂಡು, ಹೊಗೆಯ ದಿನಗಳಿಗೆ ಔಷಧದ ಪ್ರಮಾಣವನ್ನು ಹೇಗೆ ಬದಲಿಸಬೇಕೆಂದು ಬರೆಸಿಕೊಳ್ಳಿ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಅನಿಲಗಳನ್ನಲ್ಲ. ಇನ್‌ಹೇಲರ್ ಬಳಸಿದರೂ ಮಾತನಾಡಲಾಗದಷ್ಟು ಏದುಸಿರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.