ಸ್ಟಟ್‌ಗಾರ್ಟಿಗೆ ಬರುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಮುಖ ಪರಿಚಯವಿಲ್ಲದಿದ್ದರೂ ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನಾನೂ ‘ನೀನು’ ಎಂದೇ ಬರೆಯುತ್ತೇನೆ. ಗಂಡನಿಗೆ ಇಲ್ಲಿ ಕೆಲಸವಾಗಿದೆ, ಮಗಳಿಗೆ ನಾಲ್ಕು ತುಂಬಿದೆ, ಅತ್ತೆ ಮಾವ ತುಮಕೂರಿನಲ್ಲೇ ಉಳಿಯುತ್ತಾರೆ ಎಂದು ಬರೆದಿದ್ದೀಯ. ಅಲ್ಲಿಯ ಜನ ಮುಖ ಕೊಟ್ಟು ಮಾತಾಡುವುದಿಲ್ಲವಂತೆ, ನಿಜವೇ? ಅಡುಗೆಗೆ ಏನು ಮಾಡುತ್ತೀರಿ? ಮಗಳ ಕನ್ನಡ ಉಳಿಯುತ್ತದೆಯೇ? ಇಷ್ಟು ಕೇಳಿ, ಕೊನೆಗೆ ಒಂದೇ ಸಾಲಿನಲ್ಲಿ, ‘ವಯಸ್ಸಾದವರನ್ನು ಬಿಟ್ಟು ಬರುವುದು ತಪ್ಪಲ್ಲವೇ ಅಕ್ಕ?’ ಎಂದಿದ್ದೀಯ. ಆ ಸಾಲನ್ನು ಬರೆಯಲು ನಿನಗೆ ಎಷ್ಟು ಹೊತ್ತು ಹಿಡಿದಿರಬಹುದು ಎಂದು ನನಗೆ ಗೊತ್ತು.

ನಾನು ಸಾಗರದ ಹತ್ತಿರದ ಒಂದು ಹಳ್ಳಿಯವಳು. ಜರ್ಮನಿಯ ಈ ಸ್ಟಟ್‌ಗಾರ್ಟಿಗೆ ಬಂದು 19 ವರ್ಷವಾಯಿತು. ಮೊದಲು ಜನರ ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ನಾವು ಬಾಡಿಗೆಗೆ ಹಿಡಿದದ್ದು ಹಳೆಯ ಕಟ್ಟಡದ ಎರಡನೆಯ ಮಹಡಿ. ಬಂದ ಮೂರನೆಯ ವಾರ, ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಹೊರಗಡೆ ಒಂದು ಪುಟ್ಟ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ‘ಕೇರ್‌ವೊಹೆ’ ಎಂದು ಬರೆದಿತ್ತು. ಗುಡಿಸುವ ವಾರ ಎಂದು ಅರ್ಥ. ಮೊರದಲ್ಲಿ ಅಕ್ಕಿ ಕೇರುತ್ತೇವಲ್ಲ, ಆ ನಮ್ಮ ‘ಕೇರು’ವಿಗೂ ಇವರ ‘ಕೇರೆನ್’ಗೂ ನೆಂಟಸ್ತಿಕೆ ಏನೂ ಇಲ್ಲ. ಆದರೂ ಈ ಭಾಷೆಯಲ್ಲಿ ನನ್ನ ನಾಲಿಗೆಗೆ ಮೊದಲು ಹತ್ತಿದ ಪದ ಅದೇ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರು ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿ ಬಂದಾಗ ನೆಲಮಾಳಿಗೆಯೂ ಕಟ್ಟಡದ ಮುಂದಿನ ಕಾಲುದಾರಿಯೂ ಸೇರುತ್ತವೆ. ಇದು ಸ್ಟಟ್‌ಗಾರ್ಟ್ ಇರುವ ಶ್ವಾಬಿಯ ಸೀಮೆಯ ಹಳೆಯ ಪದ್ಧತಿ. ಪ್ರತಿ ಮನೆಯವರೂ ವಾರಕ್ಕೊಮ್ಮೆ ತಿಪ್ಪೆಯನ್ನು ಊರಾಚೆ ಸಾಗಿಸಬೇಕೆಂದು 1492ರ ಪಟ್ಟಣದ ಕಟ್ಟಳೆಯಲ್ಲೇ ಇತ್ತಂತೆ.

ನಾನು ಖುಷಿಯಿಂದಲೇ ಗುಡಿಸಿದೆ. ಮನೆಯ ಅಂಗಳ ಸಾರಿಸಿ ಬೆಳೆದವಳಿಗೆ ಹದಿನೆಂಟು ಮೆಟ್ಟಿಲು ಯಾವ ಲೆಕ್ಕ? ಸಂಜೆ ಕೆಳಮನೆಯ ಅಜ್ಜಿ ಬಂದರು. ಬಗ್ಗಿ ಮೆಟ್ಟಿಲಿನ ಮೂಲೆ ನೋಡಿದರು, ಕಂಬಿಯ ಕೆಳಗೆ ಬೆರಳಾಡಿಸಿದರು, ಏನೋ ಅಂದರು, ಹೋದರು. ನನಗೆ ಅರ್ಥವಾದದ್ದು ಅವರ ಧ್ವನಿ ಮಾತ್ರ. ಒಳಗೆ ಬಂದು ಅತ್ತುಬಿಟ್ಟೆ. ಮರುದಿನ ಬೆಳಗ್ಗೆ ಬಾಗಿಲ ಬಳಿ ಒಂದು ಸಣ್ಣ ಬ್ರಷ್ ಇತ್ತು, ಮರದ ಹಿಡಿಯದು, ಕೂದಲು ಒಂದು ಕಡೆ ಸವೆದದ್ದು. ಮೂಲೆ ಗುಡಿಸಲು ಅವರು ತಮ್ಮ ಬ್ರಷ್ಷನ್ನೇ ಇಟ್ಟು ಹೋಗಿದ್ದರು. ಮುಂದಿನ ಸರದಿಯಲ್ಲಿ ಅದರಿಂದಲೇ ಮೂಲೆ ಮೂಲೆ ಗುಡಿಸಿದೆ. ಅಜ್ಜಿ ಬಂದರು, ನೋಡಿದರು, ಒಂದು ಮಾತೂ ಆಡದೆ ಹೋದರು. ಅದಕ್ಕೂ ನನಗೆ ಬೇಸರವಾಯಿತು. ಆಗ ನನ್ನ ಗಂಡನ ಸಹೋದ್ಯೋಗಿಯೊಬ್ಬರು ಇಲ್ಲಿಯ ಗಾದೆಯೊಂದನ್ನು ಹೇಳಿದರು. ಬೈಯದೆ ಬಿಟ್ಟರೆ ಬೇಕಾದಷ್ಟು ಹೊಗಳಿದ ಹಾಗೆ, ಎಂದು.

ತಂಗಿ, ಆ ಗಾದೆ ಕೇಳಿದ ಕೂಡಲೇ ನನಗೆ ನಮ್ಮ ಅಪ್ಪ ಕಣ್ಣಮುಂದೆ ಬಂದರು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ಅಪ್ಪ ಅಂಕಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ‘ಹ್ಞೂಂ’ ಎಂದಿದ್ದರು, ಅಷ್ಟೇ. ಆಮೇಲೆ ಅದನ್ನು ನಾಲ್ಕಾಗಿ ಮಡಿಸಿ, ತೋಟದ ಪಹಣಿಯೂ ಮನೆಯ ಪತ್ರಗಳೂ ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಆ ಬೀಗದ ಸದ್ದು ನನಗೆ ಅರ್ಥವಾಗಿತ್ತು. ಅಪ್ಪನನ್ನು ಹದಿನೈದು ವರ್ಷಕ್ಕೇ ಅರ್ಥ ಮಾಡಿಕೊಂಡವಳಿಗೆ ಈ ಅಜ್ಜಿಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಬಾರದು ಎಂದುಕೊಂಡೆ.

ಕಷ್ಟವಾಗಲಿಲ್ಲ. ಆ ಚಳಿಗಾಲದಲ್ಲೇ ನನಗೆ ಜ್ವರ ಬಂದು ಹಾಸಿಗೆ ಹಿಡಿದೆ, ಗಂಡ ಬೇರೆ ಊರಿಗೆ ಹೋಗಿದ್ದರು. ಹಲಗೆ ನಮ್ಮ ಬಾಗಿಲಲ್ಲೇ ಇತ್ತು. ರಾತ್ರಿಯಿಡೀ ಹಿಮ ಬಿದ್ದಿತ್ತು. ಇಲ್ಲಿ ಹಿಮ ಬಿದ್ದರೆ ಬೆಳಗ್ಗೆ ಜನ ಓಡಾಡುವ ಹೊತ್ತಿಗೆ ಕಾಲುದಾರಿಯನ್ನು ಸರಿಪಡಿಸಿರಬೇಕು. ಕತ್ತಲಲ್ಲೇ ಸಲಿಕೆ ಕೆರೆಯುವ ಸದ್ದು ಕೇಳಿ ಕಿಟಕಿಗೆ ಹೋಗಿ ನೋಡಿದರೆ, ತಲೆಗೆ ಬಟ್ಟೆ ಕಟ್ಟಿಕೊಂಡು ಅಜ್ಜಿಯೇ ಹಿಮ ಎತ್ತಿ ಹಾಕುತ್ತಿದ್ದರು. ಆ ಭಾನುವಾರ ಸಂಜೆ ಹಲಗೆ ತಾನಾಗಿ ನಮ್ಮ ಬಾಗಿಲಿನಿಂದ ಎದುರುಮನೆಯ ಬಾಗಿಲಿಗೆ ಹೋಗಿತ್ತು. ಗುಣಮುಖಳಾದ ಮೇಲೆ ಧನ್ಯವಾದ ಹೇಳಲು ಹೋದರೆ, ಮೂಲೆಯಲ್ಲಿ ಕೂದಲಿದೆ, ನೋಡು ಎಂದರು.

ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಈ ಜನರ ಅಕ್ಕರೆ ಬಾಯಲ್ಲಿ ಬರುವುದಿಲ್ಲ, ಕೈಯಲ್ಲಿ ಬರುತ್ತದೆ. ನಮ್ಮ ಮನೆಗಳಲ್ಲೂ ಬಹಳ ಮಟ್ಟಿಗೆ ಹಾಗೇ ಇತ್ತಲ್ಲವೇ? ಆದರೆ ಒಂದು ವಿಷಯ ನೆನಪಿರಲಿ. ನಮ್ಮ ಕಡೆ ಹೊಸಬರು ಬಂದರೆ ಅಕ್ಕಪಕ್ಕದವರೇ ಬಂದು ಎಲ್ಲಿಯವರು, ಏನು ಕೆಲಸ ಎಂದು ವಿಚಾರಿಸುತ್ತಾರೆ. ಇಲ್ಲಿ ಹೊಸಬರೇ ಹೋಗಿ ಗಂಟೆ ಒತ್ತಿ, ಮೇಲಿನ ಮನೆಗೆ ಬಂದಿದ್ದೇವೆ ಎಂದು ಹೇಳಿಕೊಳ್ಳುವುದು ರೂಢಿ. ಅವರು ಬರಲಿಲ್ಲವೆಂದು ನೀನು, ನೀನು ಹೋಗಲಿಲ್ಲವೆಂದು ಅವರು ಸುಮ್ಮನಿದ್ದರೆ ವರ್ಷವೇ ಕಳೆದುಹೋಗುತ್ತದೆ. ಮೊದಲ ವಾರವೇ ಮಗಳ ಕೈ ಹಿಡಿದುಕೊಂಡು ಹೋಗು. ಮೆಟ್ಟಿಲಲ್ಲಿ ಯಾರು ಸಿಕ್ಕರೂ ‘ಗ್ರ್ಯೂಸ್ ಗಾಟ್’ ಎನ್ನು. ಈ ಸೀಮೆಯ ನಮಸ್ಕಾರ ಅದು.

ಅಡುಗೆಯ ಬಗ್ಗೆ ಚಿಂತೆ ಬೇಡ. ಸೋನಾ ಮಸೂರಿ, ತೊಗರಿಬೇಳೆ, ರಾಗಿ ಹಿಟ್ಟು ನಮ್ಮವರ ಅಂಗಡಿಯಲ್ಲಿ ಸಿಗುತ್ತವೆ. ಕೊತ್ತಂಬರಿ, ಪುದೀನ, ಬದನೆ, ಬೆಂಡೆ ಬೇಕಾದರೆ ಟರ್ಕಿಯವರ ಅಂಗಡಿಗೆ ಹೋಗು, ಅಲ್ಲಿ ಸೊಪ್ಪನ್ನು ನಮ್ಮ ಸಂತೆಯ ಹಾಗೆ ಕಟ್ಟುಗಟ್ಟಲೆ ಕೊಡುತ್ತಾರೆ. ಇಲ್ಲಿಯ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, ನಿನ್ನ ಮಿಕ್ಸಿ ತಂದರೆ ಪ್ಲಗ್ಗಿಗೆ ಅಡಾಪ್ಟರ್ ಹಾಕಿದರೆ ಸಾಕು. ಆದರೆ ಭಾನುವಾರ ರುಬ್ಬಬೇಡ. ಭಾನುವಾರ ಇಲ್ಲಿ ನಿಶ್ಶಬ್ದದ ದಿನ, ಗೋಡೆಗೆ ಮೊಳೆಯನ್ನೂ ಹೊಡೆಯುವಂತಿಲ್ಲ. ಶನಿವಾರ ಸಂಜೆ ರುಬ್ಬಿ, ಓವನ್ನಿನ ದೀಪ ಮಾತ್ರ ಹಚ್ಚಿ ಹಿಟ್ಟನ್ನು ಅದರೊಳಗಿಟ್ಟರೆ ಜನವರಿಯಲ್ಲೂ ದೋಸೆಹಿಟ್ಟು ಉಬ್ಬುತ್ತದೆ. ಇನ್ನೊಂದು ಮಾತು, ಅತ್ತೆ ಪ್ರೀತಿಯಿಂದ ಕೊಟ್ಟರೆಂದು ತುಪ್ಪ, ಪೇಡ ತರಬೇಡ. ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿನ ಒಕ್ಕೂಟದೊಳಗೆ ಹೊತ್ತು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದುಬಿಡುತ್ತಾರೆ. ಉಪ್ಪಿನಕಾಯಿಗೆ ತೊಂದರೆಯಿಲ್ಲ.

ತುಪ್ಪವನ್ನು ಇಲ್ಲೇ ಕಾಯಿಸಿಕೊಳ್ಳಬಹುದು, ಬೆಣ್ಣೆ ಚೆನ್ನಾಗಿದೆ. ನಾನು ಮೊದಲ ಸಲ ಕಾಯಿಸಿದ ದಿನ ಆ ಘಮ ಮೆಟ್ಟಿಲಿಳಿದು ಕೆಳಮನೆಗೆ ಹೋಯಿತು. ಅಜ್ಜಿ ಬಾಗಿಲು ತಟ್ಟಿದರು. ಬಯ್ಯಲು ಬಂದರೆಂದುಕೊಂಡು ಕಿಟಕಿ ತೆಗೆಯಲು ಓಡಿದೆ. ಅವರು ನೇರ ಒಲೆಯ ಬಳಿಗೆ ಬಂದು, ಪಾತ್ರೆಯ ತಳದ ಕೆಂಪಗಿನ ಗಸಿಯನ್ನು ನೋಡಿ, ನಮ್ಮ ತಾಯಿಯೂ ಹೀಗೇ ಕಾಯಿಸುತ್ತಿದ್ದರು ಎಂದರು. ಅವರಲ್ಲೂ ಕಾಸಿದ ಬೆಣ್ಣೆ ಉಂಟು, ‘ಬುಟರ್‌ಶ್ಮಾಲ್ಟ್ಸ್’ ಎನ್ನುತ್ತಾರೆ. ಅವತ್ತು ಗಸಿಗೆ ಸಕ್ಕರೆ ಬೆರೆಸಿ ಇಬ್ಬರೂ ನಿಂತೇ ತಿಂದೆವು. ಮುಂದಿನ ವಾರ ಅವರು ಬೇಯಿಸಿದ ಲೆಂಟಿಲ್ ಬೇಳೆಯನ್ನೂ ಶ್ಪೆಟ್ಸ್‌ಲೆ ಎಂಬ ಮೊಟ್ಟೆ ಹಿಟ್ಟಿನ ಶ್ಯಾವಿಗೆಯನ್ನೂ ತಂದುಕೊಟ್ಟರು. ಇಲ್ಲಿಯವರ ಅಚ್ಚುಮೆಚ್ಚಿನ ಊಟ ಅದು. ಸಾಮಾನ್ಯವಾಗಿ ಹಂದಿಮಾಂಸ ಬೀಳುತ್ತದೆ, ನೀನು ತಿನ್ನುವವಳಲ್ಲದಿದ್ದರೆ ಕೇಳಿಯೇ ತಿನ್ನು. ಅಜ್ಜಿ ನನಗಾಗಿ ಹಾಕದೆ ಮಾಡಿದ್ದರು. ಬಾಯಿಗಿಟ್ಟರೆ ಹುಳಿ. ಬೇಳೆಗೆ ಇವರು ವಿನೆಗರ್ ಹಾಕುತ್ತಾರೆ, ನಾವು ಹುಣಸೆ ಹಾಕುವ ಹಾಗೆ.

ಆ ಬೇಳೆಯ ಕಥೆಯನ್ನೂ ಹೇಳದೆ ಬಿಡಲಾರೆ. ಇಲ್ಲಿಂದ ದಕ್ಷಿಣಕ್ಕಿರುವ ಶ್ವಾಬಿಯದ ಗುಡ್ಡಸೀಮೆಯಲ್ಲಿ ಮೊದಲು ಅದನ್ನು ಬೆಳೆಯುತ್ತಿದ್ದರು. ಕಲ್ಲು ನೆಲ, ಕಡಿಮೆ ಆದಾಯ, ಕಳೆದ ಶತಮಾನದ ನಡುವಿನಲ್ಲಿ ಬೆಳೆ ನಿಂತೇಹೋಯಿತು, ಊರಿನ ತಳಿಯ ಬೀಜವೂ ಕಳೆದುಹೋಯಿತು. ಕೆಲವು ರೈತರು ಬಿಡದೆ ಹುಡುಕಿದರು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಬೀಜಸಂಗ್ರಹದಲ್ಲಿ ಆ ತಳಿಗಳು ಸಿಕ್ಕವು. ಹಿಡಿಯಷ್ಟು ಬೀಜ ತಂದು, ಬಿತ್ತಿ, ಹೆಚ್ಚಿಸಿ, ಈಗ ಮತ್ತೆ ಅಂಗಡಿಯಲ್ಲಿ ಸಿಗುವಂತೆ ಮಾಡಿದ್ದಾರೆ. ಅಪ್ಪೆಮಿಡಿ ಮರ ಕಾಯುವ ಊರಿನಿಂದ ಬಂದ ನನಗೆ ಈ ಹುಡುಕಾಟ ಹೊಸದಾಗಿ ಕಾಣಲಿಲ್ಲ.

ಮಗಳ ಕನ್ನಡದ ಬಗ್ಗೆ ಹೇಳುತ್ತೇನೆ. ನೀವು ಮನೆಯಲ್ಲಿ ಆಡಿದರೆ ಉಳಿಯುತ್ತದೆ, ಆಡದಿದ್ದರೆ ಉಳಿಯುವುದಿಲ್ಲ. ಶಿಶುವಿಹಾರದಲ್ಲಿ ಆರು ತಿಂಗಳೊಳಗೆ ಜರ್ಮನ್ ಅವಳ ಬಾಯಿಗೆ ಬರುತ್ತದೆ, ಅದಕ್ಕೆ ನೀನು ಏನೂ ಮಾಡಬೇಕಾಗಿಲ್ಲ. ನವೆಂಬರ್ 11ರ ಸಂಜೆ ಮಕ್ಕಳೆಲ್ಲ ತಾವೇ ಮಾಡಿದ ಕಾಗದದ ಲಾಟೀನು ಹಿಡಿದು ಹಾಡುತ್ತಾ ಬೀದಿಯಲ್ಲಿ ಹೋಗುತ್ತಾರೆ, ಸಂತ ಮಾರ್ಟಿನನ ಹಬ್ಬ. ನಮ್ಮ ದೀಪಾವಳಿಯ ಆಸುಪಾಸಿಗೇ ಬರುತ್ತದೆ. ಅವಳು ಆ ಲಾಟೀನನ್ನು ಮನೆಗೆ ತಂದರೆ ನಿನ್ನ ಹಣತೆಯ ಪಕ್ಕದಲ್ಲೇ ಇಡು.

ನನ್ನ ಮಗಳು ಒಂಬತ್ತು ವರ್ಷದವಳಿದ್ದಾಗ, ನಿನ್ನ ಹೊರತು ಇಲ್ಲಿ ಯಾರೂ ಆಡದ ಭಾಷೆ ನನಗೇಕೆ ಎಂದು ಕೇಳಿದಳು. ಉತ್ತರ ಹೇಳುವ ಬದಲು ರೈಲಿನಲ್ಲಿ ಟ್ಯೂಬಿಂಗನ್‌ಗೆ ಕರೆದುಕೊಂಡು ಹೋದೆ, ಇಲ್ಲಿಂದ ಒಂದು ಗಂಟೆಯ ದಾರಿ. ಫರ್ಡಿನೆಂಡ್ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು ಅದು. ಸುಮಾರು 70 ಸಾವಿರ ಪದಗಳ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹತ್ತಿರದ ಎಸ್ಲಿಂಗನ್‌ನಲ್ಲಿ 1881ರಲ್ಲಿ ತೀರಿಕೊಂಡವರು ಹೆರ್ಮನ್ ಮೋಗ್ಲಿಂಗ್, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು. ನೆಕಾರ್ ನದಿಯ ಸೇತುವೆಯ ಮೇಲೆ ನಿಂತು ಇದನ್ನೆಲ್ಲ ಹೇಳಿದೆ. ಅವಳು ಸುಮ್ಮನೆ ಬಾತುಕೋಳಿ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಆ ನಿಘಂಟನ್ನು ತೆಗೆಸಿ ‘ಕೇರು’ ಇದೆಯೇ ಎಂದು ಹುಡುಕಿದಳು. ಇತ್ತು. ಓಡಿಹೋಗಿ ಕೆಳಮನೆಯ ಅಜ್ಜಿಗೆ, ನಮ್ಮ ಭಾಷೆಯಲ್ಲೂ ಕೇರುವುದು ಇದೆ, ಆದರೆ ನಾವು ನೆಲವನ್ನಲ್ಲ, ಅಕ್ಕಿಯನ್ನು ಕೇರುತ್ತೇವೆ ಎಂದು ಹೇಳಿ, ಮೊರ ಎಂದರೆ ಏನೆಂದು ತಟ್ಟೆ ಹಿಡಿದು ಆಡಿಸಿ ತೋರಿಸಿ ಬಂದಳು.

ಈಗ ನಿನ್ನ ಕೊನೆಯ ಪ್ರಶ್ನೆ. ತಪ್ಪು ಎಂದು ನಾನು ಹೇಳಲಾರೆ, ನೋವಿಲ್ಲ ಎಂದೂ ಹೇಳಲಾರೆ. ಅಪ್ಪ ಹೋದಾಗ ನಾನು ಊರು ತಲುಪಿದ್ದು ಮರುದಿನ ಮಧ್ಯಾಹ್ನ. ಅದನ್ನು ಹೇಗೆ ಬರೆದರೂ ಹಗುರವಾಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಅತ್ತೆ ಮಾವನ ಪಾಸ್‌ಪೋರ್ಟನ್ನು ನೀನು ಹೊರಡುವ ಮೊದಲೇ ಮಾಡಿಸು. 180 ದಿನಗಳಲ್ಲಿ 90 ದಿನ ಅವರು ಬಂದು ಇರಬಹುದು. ವೀಸಾಕ್ಕೆ 30 ಸಾವಿರ ಯೂರೋವಿನ ಆರೋಗ್ಯ ವಿಮೆ ಬೇಕು. ‘ಮುಂದಿನ ವರ್ಷ ನೋಡೋಣ’ ಎನ್ನುವುದನ್ನು ನಾಲಿಗೆಗೆ ತರಬೇಡ. ದಿನವೂ ಒಂದೇ ಹೊತ್ತಿಗೆ ಫೋನ್ ಮಾಡು. ಬೇಸಿಗೆಯಲ್ಲಿ ನಾವು ಊರಿಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ನಮ್ಮ ಅಮ್ಮ, ಇನ್ನೂ ಒಂದು ಗಂಟೆ ದೂರ ಹೋದೆಯಲ್ಲೇ ಎನ್ನುತ್ತಾಳೆ. ಮಾರ್ಚ್ ಕೊನೆಗೆ, ಬಂದೆಯಾ ಹತ್ತಿರ ಎಂದು ಕೇಳುತ್ತಾಳೆ.

ನಮ್ಮ ಅತ್ತೆ ಮೊದಲ ಸಲ ಬಂದಾಗ ಬೆಳಗ್ಗೆ ಆರಕ್ಕೆ ಎದ್ದು, ಯಾರಿಗೂ ಹೇಳದೆ ಕೆಳಗಿಳಿದು, ಕಟ್ಟಡದ ಮುಂದೆ ಗುಡಿಸಿ ಅಕ್ಕಿಹಿಟ್ಟಿನಲ್ಲಿ ಎಂಟೆಳೆಯ ರಂಗೋಲಿ ಹಾಕಿಬಿಟ್ಟರು. ಆ ವಾರದ ಹಲಗೆ ಕೆಳಮನೆಯ ಬಾಗಿಲಲ್ಲಿತ್ತು. ಇವತ್ತು ಏನು ಗಲಾಟೆಯಾಗುತ್ತದೋ ಎಂದು ನಾನು ಕಿಟಕಿಯಲ್ಲಿ ಉಸಿರು ಹಿಡಿದು ನಿಂತೆ. ಅಜ್ಜಿ ಪೊರಕೆ ಹಿಡಿದು ಬಂದರು. ರಂಗೋಲಿಯ ಸುತ್ತ ಒಂದು ಸುತ್ತು ನಡೆದರು. ಆಮೇಲೆ ಕಾಲುದಾರಿಯ ಈ ತುದಿಯಿಂದ ಆ ತುದಿಯವರೆಗೆ ಗುಡಿಸಿದರು, ರಂಗೋಲಿಯ ಒಂದೆಳೆಗೂ ಪೊರಕೆ ತಾಗಲಿಲ್ಲ. ಅತ್ತೆ ಮೇಲೆ ಬಂದು, ಹೆಂಗಸು ಅಚ್ಚುಕಟ್ಟು, ನಮ್ಮ ಕಡೆಯವಳ ಹಾಗಿದ್ದಾಳೆ ಎಂದರು. ಮೂರು ತಿಂಗಳು ಇಬ್ಬರೂ ಬೆಳಗ್ಗೆ ಕೆಳಗೆ ನಿಂತು ಮಾತಾಡುತ್ತಿದ್ದರು, ಇವರದು ಕನ್ನಡ, ಅವರದು ಶ್ವಾಬಿಯದ ಜರ್ಮನ್. ಮೊಣಕಾಲು ನೋವಿನ ವಿಷಯ ಎಂದು ಕೈಸನ್ನೆಯಿಂದ ತಿಳಿಯುತ್ತಿತ್ತು.

ಅಜ್ಜಿಗೆ ಈಗ 86. ಮೆಟ್ಟಿಲು ಗುಡಿಸಲು ಆಗುವುದಿಲ್ಲ. ಅವರ ಸರದಿಯ ವಾರ ನನ್ನ ಮಗಳು ಗುಡಿಸುತ್ತಾಳೆ, ಅದೇ ಸವೆದ ಬ್ರಷ್ಷಿನಿಂದ ಮೂಲೆಗಳನ್ನೂ. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅಜ್ಜಿ ಬಾಗಿಲಿಗೆ ಬಂದು ನೋಡಿ, ಏನೂ ಅನ್ನದೆ ಒಳಗೆ ಹೋಗುತ್ತಾರೆ. ಮಗಳು ಮೇಲೆ ಬಂದು, ‘ಅಮ್ಮ, ಅಜ್ಜಿ ಏನೂ ಅನ್ನಲಿಲ್ಲ’ ಎಂದು ಮುಖ ಅರಳಿಸುತ್ತಾಳೆ.

ನೀವು ಇಳಿಯುವುದು ಶನಿವಾರ ರಾತ್ರಿ ಎಂದು ಬರೆದಿದ್ದೀಯ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಲಿನ ಪೊಟ್ಟಣಕ್ಕೂ ಅಲೆಯಬೇಕಾಗುತ್ತದೆ. ಅದಕ್ಕೇ ಅನ್ನ, ನಿಂಬೆಸಾರು, ಹುರುಳಿಕಾಯಿ ಪಲ್ಯ, ಮಗುವಿಗೆ ಹಾಲು, ಇಷ್ಟನ್ನು ನಾನೇ ತಂದು ಮನೆಗೆ ತಲುಪಿಸುತ್ತೇನೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯ ಮಾಲೀಕರ ಸಹಿಯ ಪತ್ರ ಬೇಕು. ಸೋಮವಾರ ಆ ಕಚೇರಿಗೆ ಜೊತೆಗೆ ಬರುತ್ತೇನೆ. ಒಂದು ಸಣ್ಣ ಡಬ್ಬಿಯಲ್ಲಿ ಹೆಪ್ಪು ಬೇರೆ ಇಟ್ಟಿರುತ್ತೇನೆ, ಅದನ್ನು ಮೊಸರೆಂದು ಊಟಕ್ಕೆ ಬಡಿಸಿಬಿಡಬೇಡ. ರಾತ್ರಿ ಹಾಲು ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಿ, ಹೀಟರಿನ ಹತ್ತಿರ ಟವೆಲ್ಲು ಸುತ್ತಿಟ್ಟು ಮಲಗು.

ನಿನ್ನ ಅಕ್ಕ