ಡೆನ್ವರ್‌ನಲ್ಲಿ ಚಾರ್ಟರ್ ಶಾಲೆಗೆ ಬೇರೆ ಅರ್ಜಿ ಬೇಕಿಲ್ಲ

ಚಾರ್ಟರ್ ಶಾಲೆಯವರು (ಸರ್ಕಾರಿ ಹಣದಲ್ಲಿ ನಡೆದರೂ ಆಡಳಿತ ಸ್ವತಂತ್ರವಾಗಿರುವ ಶಾಲೆ) ಅರ್ಜಿ ತೆಗೆದುಕೊಳ್ಳದೆ ಡಿಸ್ಟ್ರಿಕ್ಟ್ ಕಡೆ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ ಕಡೆ, ಕೈ ತೋರಿಸಿದರು ಅಂತ ಬರೆದಿದ್ದೀರಿ. ಅದು ಸುಮ್ನೆ ಸಾಗಹಾಕಲು ಅಲ್ಲ. ಡೆನ್ವರ್‌ನಲ್ಲಿ 2012ರಿಂದ ಚಾರ್ಟರ್ ಶಾಲೆಗೂ ಡಿಸ್ಟ್ರಿಕ್ಟ್ ಶಾಲೆಗೂ ಒಂದೇ ಫಾರಂ, ‘ಸ್ಕೂಲ್‌ಚಾಯ್ಸ್’.

ಮೊದಲು ನಿಮ್ಮ ವಿಳಾಸಕ್ಕೆ ಯಾವ ಶಾಲೆ ಖಾತ್ರಿ ಅಂತ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಕೆಲವು ಏರಿಯಾಗಳು ‘ಎನ್‌ರೋಲ್‌ಮೆಂಟ್ ಝೋನ್’. ಅಲ್ಲಿ ಝೋನ್ ಒಳಗೆ ಒಂದು ಸೀಟು ಖಾತ್ರಿ, ಇಂಥದ್ದೇ ಶಾಲೆ ಅಂತ ಇಲ್ಲ.

ಆಮೇಲೆ ನಿಜವಾಗಿ ಇಷ್ಟವಾದ ಕ್ರಮದಲ್ಲೇ ಶಾಲೆಗಳನ್ನು ಬರೆಯಿರಿ. ಚಾರ್ಟರ್ ಮೊದಲು ಹಾಕಿದರೆ ಮನೆ ಹತ್ತಿರದ್ದು ಕೈತಪ್ಪುತ್ತಾ ಅಂತ ಕೇಳಿದ್ದೀರಲ್ವಾ? ಇಲ್ಲ. ಚಾರ್ಟರ್ ಸಿಗದಿದ್ದರೆ, ಎರಡನೆಯದಾಗಿ ಬರೆದ ಹತ್ತಿರದ ಶಾಲೆಯಲ್ಲಿ ನಿಮ್ಮ ಹಕ್ಕು ಹಾಗೇ ಇರುತ್ತದೆ. ಚಾರ್ಟರ್ ಸಿಕ್ಕಿತೆಂದರೆ ಮಾತ್ರ ಹತ್ತಿರದ ಸೀಟು ಬಿಟ್ಟಂತೆ.

ಅರ್ಜಿಯ ಮೊದಲ ಸುತ್ತು ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲಿ, ತಾರೀಖು ವರ್ಷ ವರ್ಷ ಬದಲಾಗುತ್ತದೆ. ತಪ್ಪಿದರೆ ಎರಡನೇ ಸುತ್ತಿನಲ್ಲಿ ಉಳಿದ ಸೀಟುಗಳಷ್ಟೇ. ಬಸ್ ಎಲ್ಲ ಶಾಲೆಗೂ ಇರುವುದಿಲ್ಲ, ಫಾರಂ ಕಳಿಸುವ ಮೊದಲೇ ಫೋನ್ ಮಾಡಿ ಕೇಳಿ.