ಮನೆಯಿಂದ ದೂರ, ಮೊದಲ ಚಳಿಗಾಲ

ಚಳಿ ಶುರುವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೂ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಹಾಸ್ಟೆಲ್‌ನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದುಕೊಂಡು ಓದುತ್ತಿರುವ ವಿದ್ಯಾರ್ಥಿಗಳವು. ಬರೆದವರ ಗುರುತು ಸಿಗದಂತೆ ಐದು ಪತ್ರಗಳನ್ನು ಸಂಕ್ಷೇಪಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದಲ್ಲಿದ್ದೇನೆ. ಮನೆ ಬಿಟ್ಟು ಬಂದಿರುವುದು ಇದೇ ಮೊದಲು. ಆರಂಭದ ತಿಂಗಳುಗಳು ಉತ್ಸಾಹದಿಂದಲೇ ಕಳೆದವು. ಚಳಿ ಶುರುವಾದ ಮೇಲೆ ಮೂರು ಅಲಾರಂ ಇಟ್ಟರೂ ಹೊದಿಕೆಯೊಳಗಿಂದ ಕೈ ಚಾಚಿ ಆರಿಸಿ ಮತ್ತೆ ಮಲಗುತ್ತೇನೆ. ಮೊದಲ ತರಗತಿ ತಪ್ಪುತ್ತದೆ. ಸಂಜೆ ಬೇಗ ಕತ್ತಲಾಗುತ್ತಿದ್ದಂತೆ ಮನಸ್ಸು ಭಾರವಾಗುತ್ತದೆ. ಮನೆಯಲ್ಲಿದ್ದಾಗ ಹೀಗಿರಲಿಲ್ಲ. ಇದು ಸೋಮಾರಿತನವೋ, ಮನೆಯ ನೆನಪೋ, ಕಾಯಿಲೆಯೋ?

ಉತ್ತರ: ಸೋಮಾರಿತನವಂತೂ ಅಲ್ಲ. ಸೋಮಾರಿಗಳು ಮೂರು ಅಲಾರಂ ಇಡುವುದಿಲ್ಲ, ಇಷ್ಟು ಕಾಳಜಿಯಿಂದ ಪತ್ರವನ್ನೂ ಬರೆಯುವುದಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ‘ಮನೆಯಲ್ಲಿದ್ದಾಗ ಹೀಗಿರಲಿಲ್ಲ’ ಎಂಬ ನಿಮ್ಮ ಮಾತಿನಲ್ಲೇ ಇದೆ. ಮನೆಯಲ್ಲಿದ್ದಾಗಲೂ ಚಳಿಗಾಲ ಬರುತ್ತಿತ್ತು. ಆದರೆ ಅದನ್ನು ನಿಮ್ಮ ಪರವಾಗಿ ಬೇರೆ ಯಾರೋ ಎದುರಿಸುತ್ತಿದ್ದರು. ಯಾರೋ ನಿಮಗಿಂತ ಮೊದಲು ಎದ್ದು ದೀಪ ಹಾಕುತ್ತಿದ್ದರು, ಪರದೆ ಸರಿಸುತ್ತಿದ್ದರು, ಬಾಗಿಲಲ್ಲಿ ನಿಂತು ಎರಡು ಸಲ ಕೂಗುತ್ತಿದ್ದರು, ಪೆಟ್ಟಿಗೆಯಲ್ಲಿದ್ದ ಸ್ವೆಟರನ್ನು ನೀವು ಕೇಳುವ ಮೊದಲೇ ತೆಗೆದು ಬಿಸಿಲಿಗೆ ಹಾಕುತ್ತಿದ್ದರು. ಈ ಕೆಲಸಗಳು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಈಗ ಅವೆಲ್ಲವೂ ಒಟ್ಟಿಗೆ, ಹೇಳದೆ ಕೇಳದೆ, ನಿಮ್ಮ ಪಾಲಿಗೆ ಬಂದಿವೆ.

ಇದರ ಜೊತೆಗೆ ಬೆಳಕಿನ ವಿಚಾರವೂ ಇದೆ. ನಮ್ಮ ದೇಹದೊಳಗಿನ ಗಡಿಯಾರದ ದಿನ, ಸರಾಸರಿಯಾಗಿ ನೋಡಿದರೆ, 24 ಗಂಟೆಗಿಂತ ಸ್ವಲ್ಪ ಉದ್ದ. ಹರೆಯದಲ್ಲಿ ಅದು ಇನ್ನಷ್ಟು ತಡವಾಗಿ ಓಡಲು ನೋಡುತ್ತದೆ. ಅದನ್ನು ದಿನವೂ ಹಿಂದಕ್ಕೆ ಎಳೆದು ಸರಿಯಾದ ಸಮಯಕ್ಕೆ ತರುವುದು ಮುಖ್ಯವಾಗಿ ಬೆಳಗಿನ ಬೆಳಕು. ಚಳಿಗಾಲದಲ್ಲಿ ಸೂರ್ಯ ತಡವಾಗಿ ಬರುತ್ತಾನೆ, ನಾವು ಕಿಟಕಿ ಮುಚ್ಚಿ ಮುಸುಕೆಳೆದುಕೊಳ್ಳುತ್ತೇವೆ. ಎಳೆಯುವ ಕೈ ಇಲ್ಲದೆ ಗಡಿಯಾರ ಜಾರುತ್ತಾ ಹೋಗುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಾಸ್ಟೆಲ್ ಕೋಣೆಯ ದೀಪದಡಿ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್‌ನಷ್ಟಿದ್ದರೆ, ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಅದು 1,000 ಲಕ್ಸ್ ದಾಟಿರುತ್ತದೆ. ಕಣ್ಣಿಗೆ ಈ ಅಂತರ ಅಷ್ಟಾಗಿ ತಿಳಿಯದು, ಏಕೆಂದರೆ ಅದು ಎರಡಕ್ಕೂ ಹೊಂದಿಕೊಂಡುಬಿಡುತ್ತದೆ. ಆದರೆ ದೇಹದ ಗಡಿಯಾರಕ್ಕೆ ತಿಳಿಯುತ್ತದೆ. ಹಾಗಾಗಿ ನಾನು ನಿಮಗೆ ಕೊಡುವ ಮೊದಲ ಸಲಹೆ ನಾಲ್ಕನೆಯ ಅಲಾರಂ ಅಲ್ಲ. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ನಿಮಿಷ ಬಯಲಿನಲ್ಲಿರಿ. ತರಗತಿಗೆ ಸುತ್ತುದಾರಿಯಲ್ಲಿ ನಡೆದು ಹೋದರೂ ಸಾಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಉತ್ತರಾರ್ಧಗೋಳದಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು ಬರುತ್ತದೆ. ಆದರೆ ಅತಿ ತಡವಾದ ಸೂರ್ಯೋದಯ ಬರುವುದು ಅಂದಲ್ಲ, ಅದಾದ ಮೇಲೆ. ಹಗಲು ಬೆಳೆಯಲು ಶುರುವಾದ ಮೇಲೂ ಸ್ವಲ್ಪ ಕಾಲ ಮುಂಜಾವು ಇನ್ನಷ್ಟು ತಡವಾಗುತ್ತಲೇ ಇರುತ್ತದೆ, ಹೆಚ್ಚಿದ ಬೆಳಕೆಲ್ಲ ಸಂಜೆಯ ಪಾಲಾಗುತ್ತದೆ. ಆ ವಾರಗಳಲ್ಲಿ ಏಳುವುದು ಹಿಂದಿಗಿಂತ ಕಷ್ಟವೆನಿಸಿದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಫೋನನ್ನು ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿಡಿ. ಅದರ ಪಕ್ಕದಲ್ಲೇ ಸ್ವೆಟರ್, ಕಾಲುಚೀಲಗಳನ್ನೂ ಇಡಿ. ಅಲಾರಂ ಆರಿಸಲು ಎದ್ದವರು ಮತ್ತೆ ಮಲಗುವುದು ಹೆಚ್ಚಾಗಿ ನಿದ್ದೆಯಿಂದಲ್ಲ, ತಣ್ಣನೆಯ ನೆಲ ಪಾದಕ್ಕೆ ತಾಗಿದ ಆ ಕ್ಷಣದಿಂದ. ಭಾನುವಾರ ಮಧ್ಯಾಹ್ನದವರೆಗೆ ಮಲಗಿ ಸೋಮವಾರ ಬೇಗ ಏಳುತ್ತೇನೆಂಬ ಲೆಕ್ಕ ಬೇಡ. ಏಳುವ ಸಮಯ ಏಳು ದಿನವೂ ಹೆಚ್ಚುಕಡಿಮೆ ಒಂದೇ ಇರಲಿ. ನಿಮ್ಮ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು, ಅದರಲ್ಲಿ ಕಡಿತ ಮಾಡಬೇಡಿ.

ಕಾಯಿಲೆಯೇ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಪ್ರತಿ ವರ್ಷ ಚಳಿಗಾಲದಲ್ಲಿ ಬಂದು ವಸಂತದಲ್ಲಿ ಹೋಗುವ ಒಂದು ಬಗೆಯ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ವಿವರಿಸಿದರು. ಅತಿಯಾದ ನಿದ್ದೆ, ಹಿಟ್ಟು ಸಕ್ಕರೆಯ ತಿನಿಸಿನ ಮೇಲಿನ ಹಂಬಲ, ಜನರಿಂದ ದೂರ ಸರಿಯುವುದು ಅದರ ಸಾಮಾನ್ಯ ಲಕ್ಷಣಗಳು. ಅದಕ್ಕೆ ಬೆಳಿಗ್ಗೆ 10,000 ಲಕ್ಸ್‌ನ ವಿಶೇಷ ದೀಪದೆದುರು ಅರ್ಧ ಗಂಟೆ ಕೂರಿಸುವ ಚಿಕಿತ್ಸೆಯಿದೆ; ಕಣ್ಣಿನ ತೊಂದರೆಯೋ ಮನಸ್ಸಿನ ಅತಿಯಾದ ಏರಿಳಿತವೋ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಎರಡು ವಾರಗಳ ಕಾಲ, ದಿನದ ಹೆಚ್ಚಿನ ಹೊತ್ತು, ಯಾವುದರಲ್ಲೂ ಆಸಕ್ತಿಯಿಲ್ಲದೆ ಮಂಕು ಕವಿದೇ ಇದ್ದರೆ ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ. ಬದುಕೇ ಬೇಡ ಎನ್ನುವ ಯೋಚನೆ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡಿ. ಆ ಹೊತ್ತಿನಲ್ಲೇ ಹತ್ತಿರದಲ್ಲಿರುವ ಒಬ್ಬರಿಗೆ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕೋಣೆಯೊಳಗೇ ಹರವುತ್ತೇವೆ. ಈಗ ಮುಗ್ಗಲು ವಾಸನೆ, ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳು. ನಾನು ಕಿಟಕಿ ತೆರೆದರೆ ರೂಮ್‌ಮೇಟ್ ಮುಚ್ಚುತ್ತಾಳೆ. ದಿನವೂ ಇದೇ ಜಗಳ.

ಉತ್ತರ: ಬೆಳಿಗ್ಗೆ ಎದ್ದೊಡನೆ ಕಿಟಕಿಯ ಗಾಜಿನ ಒಳಮೈಯನ್ನು ಹತ್ತಿರದಿಂದ ನೋಡಿ. ಮೇಲೆ ಮಂಜು ಹಿಡಿದಂತಿರುತ್ತದೆ. ಕೆಳಕ್ಕೆ ಬಂದಂತೆ ಅದು ಹನಿಗಟ್ಟಿ, ಹನಿಗೆ ಹನಿ ಸೇರಿ ಗೆರೆಯಾಗಿ ಇಳಿದು, ಚೌಕಟ್ಟಿನ ಮೂಲೆಯಲ್ಲಿ ನಿಂತಿರುತ್ತದೆ. ನಿಮ್ಮ ಕಪ್ಪು ಚುಕ್ಕೆಗಳು ಮೊದಲು ಹುಟ್ಟುವುದು ಅಲ್ಲೇ. ಆ ನೀರು ನಿಮ್ಮ ಒದ್ದೆ ಟವೆಲಿನಿಂದ ಬಂದದ್ದು, ನಿಮ್ಮಿಬ್ಬರ ಉಸಿರಿನಿಂದ ಬಂದದ್ದು. ಬಟ್ಟೆ ಬಿಟ್ಟ ತೇವಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ತಣ್ಣನೆಯ ಗೋಡೆಯನ್ನು ಹಿಡಿಯುತ್ತದೆ, ಅಲ್ಲಿ ಬೂಷ್ಟು ಬೆಳೆಯುತ್ತದೆ.

ಕಿಟಕಿಯ ವಿಷಯದಲ್ಲಿ ನೀವಿಬ್ಬರೂ ಸರಿಯೇ. ರಾತ್ರಿಯಿಡೀ ಒಂದು ಬೆರಳಷ್ಟು ತೆರೆದಿಟ್ಟರೆ ಮಲಗಿದವರಿಗೆ ಚಳಿ ಹೊಡೆಯುತ್ತದೆ. ಬದಲಿಗೆ ಇಬ್ಬರೂ ತರಗತಿಗೆ ಹೊರಡುವ ಮೊದಲು ಹತ್ತು ನಿಮಿಷ, ಸಂಜೆ ಇನ್ನೊಂದು ಹತ್ತು ನಿಮಿಷ, ಕಿಟಕಿ ಬಾಗಿಲುಗಳನ್ನು ಪೂರ್ತಿ ತೆರೆಯಿರಿ. ತೇವದ ಗಾಳಿ ಹೋಗಿ ಹೊಸ ಗಾಳಿ ತುಂಬುತ್ತದೆ. ಅಷ್ಟು ಹೊತ್ತಿನಲ್ಲಿ ಗೋಡೆ, ಮಂಚ, ಹಾಸಿಗೆಗಳ ಬಿಸಿ ಆರುವುದಿಲ್ಲವಾದ್ದರಿಂದ ಕೋಣೆ ಬೇಗ ಮೊದಲಿನಂತಾಗುತ್ತದೆ. ಹಿಂಡಿದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಮಂಡಿಯೂರಿ ಒತ್ತಿದರೆ ಇನ್ನಷ್ಟು ನೀರು ಬಿಡುತ್ತದೆ. ಒಂದರ ಮೇಲೊಂದು ಹಾಕಬೇಡಿ. ವಾರದ ಬಟ್ಟೆಯನ್ನೆಲ್ಲ ಒಂದೇ ದಿನ ಒಗೆಯಬೇಡಿ. ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಚುಕ್ಕೆಗಳನ್ನು ಸೋಪಿನ ನೀರಿನಲ್ಲಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ನಿಮಗೋ ರೂಮ್‌ಮೇಟ್‌ಗೋ ಅಸ್ತಮಾ ಇದ್ದರೆ ವಾರ್ಡನ್‌ಗೆ ಲಿಖಿತವಾಗಿ ತಿಳಿಸಿ.

ಇದನ್ನು ರೂಮ್‌ಮೇಟ್ ಜೊತೆ ಮಾತಾಡುವಾಗ, ಅವಳು ಕಿಟಕಿ ಮುಚ್ಚಲು ಕೈ ಚಾಚಿದ ಆ ಹೊತ್ತಿನಲ್ಲಿ ಬೇಡ. ಹಗಲಿನಲ್ಲಿ, ಇಬ್ಬರಿಗೂ ಬೆಚ್ಚಗಿರುವಾಗ ಕೂತು ಹೇಳಿ.

ಪ್ರಶ್ನೆ: ಕೋಣೆಯಲ್ಲಿ ಹೀಟರ್ ಇಲ್ಲ. ಗೆಳೆಯರು ರಾತ್ರಿ ಬಕೆಟ್ಟಿನಲ್ಲಿ ಕೆಂಡ ತಂದಿಟ್ಟುಕೊಳ್ಳೋಣ ಎನ್ನುತ್ತಿದ್ದಾರೆ. ತೊಂದರೆಯಿಲ್ಲವೇ?

ಉತ್ತರ: ಬೇಡ. ಒಂದು ರಾತ್ರಿಯೂ ಬೇಡ. ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ದೇಹಕ್ಕೆ ಆಮ್ಲಜನಕ ಸಾಲದಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಳ್ಳುತ್ತವೆ, ಆದರೆ ನಿದ್ದೆಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ. ಹೊಗೆ ಕಾಣುತ್ತಿಲ್ಲ, ಕೆಂಡ ಚೆನ್ನಾಗಿ ಉರಿದಿದೆ ಎಂಬುದು ರಕ್ಷಣೆಯಲ್ಲ. ನಾನು ಓದುತ್ತಿದ್ದಾಗ ನಮ್ಮ ಪಕ್ಕದ ಕೋಣೆಯಲ್ಲಿ ಹೀಗೆ ಮಲಗಿದ್ದ ಇಬ್ಬರು, ಒಬ್ಬನಿಗೆ ನಡುರಾತ್ರಿ ವಾಂತಿಯಾಗಿ ಎಚ್ಚರವಾದದ್ದರಿಂದ ಮಾತ್ರ ಉಳಿದರು. ಆ ಬಾಗಿಲು ಬಡಿದ ಸದ್ದು ಈಗಲೂ ನೆನಪಿದೆ. ವಿದ್ಯುತ್ ಹೀಟರ್‌ಗೆ ಅನುಮತಿ ಸಿಕ್ಕರೆ ಅದನ್ನು ಹಾಸಿಗೆ, ಪರದೆ, ಒದ್ದೆ ಬಟ್ಟೆಗಳಿಂದ ಒಂದು ಮೀಟರ್ ದೂರದಲ್ಲಿಡಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕದೆ ಗೋಡೆಯ ಸಾಕೆಟ್ಟಿಗೇ ಹಾಕಿ, ಮಲಗುವ ಮೊದಲು ಆರಿಸಿ. ಹಾಸಿಗೆ ಬೆಚ್ಚಗಾಗಲು ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಸಾಕು. ಅದಕ್ಕೆ ಕುದಿಯುವ ನೀರು ಹಾಕಬೇಡಿ.

ಪ್ರಶ್ನೆ: ಬೆರಳ ಗೆಣ್ಣುಗಳು ಒಡೆದು, ಬರೆಯಲು ಪೆನ್ನು ಹಿಡಿದರೆ ರಕ್ತ ಬರುತ್ತದೆ. ಕಾಲ್ಬೆರಳು ಕೆಂಪಾಗಿ ಊದಿಕೊಂಡು ವಿಪರೀತ ತುರಿಸುತ್ತವೆ. ಮೇಲಿಂದ ಮೇಲೆ ನೆಗಡಿ. ಏನು ಮಾಡಲಿ?

ಉತ್ತರ: ಗೆಣ್ಣುಗಳು ಒಡೆಯುವುದು ಒಣಗಾಳಿಯಿಂದ. ಹಿಂದೆ ತೇವದ ಬಗ್ಗೆ ಹೇಳಿ ಈಗ ಒಣಗಾಳಿ ಎಂದರೆ ವಿರೋಧವೆನಿಸಬಹುದು, ಆದರೆ ಬಟ್ಟೆ ಹರವಿದ ಮುಚ್ಚಿದ ಕೋಣೆಯ ಕಥೆ ಬೇರೆ, ಬಿಸಿ ಮಾಡಿದ ತರಗತಿ, ಗ್ರಂಥಾಲಯಗಳ ಕಥೆ ಬೇರೆ. 0 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನಮೀಟರಿಗೆ ಸುಮಾರು 5 ಗ್ರಾಂ ನೀರಾವಿಯನ್ನಷ್ಟೇ ಹಿಡಿದಿಡಬಲ್ಲದು, 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ. ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದಾಗ ಅದು ಬಾಯಾರಿದ ಗಾಳಿಯಾಗುತ್ತದೆ, ನಿಮ್ಮ ಚರ್ಮದಿಂದಲೇ ನೀರು ಹೀರುತ್ತದೆ. ಸುಡುವ ನೀರಲ್ಲದೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಮೈ ಇನ್ನೂ ಸ್ವಲ್ಪ ಒದ್ದೆಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪ ಕ್ರೀಮನ್ನೋ ಹಚ್ಚಿ. ರಾತ್ರಿ ಗೆಣ್ಣುಗಳಿಗೆ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಂಡು ಮಲಗಿದರೆ ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಕಾಲ್ಬೆರಳಿನದು ಬಹುಶಃ ಚಳಿಗೆ ಬರುವ ಬಾವು. ತಣ್ಣಗಾದ ಪಾದವನ್ನು ಒಮ್ಮೆಲೇ ಹೀಟರ್ ಮುಂದೆಯೋ ಬಿಸಿನೀರಿನಲ್ಲೋ ಇಟ್ಟಾಗ ಅದು ಹೆಚ್ಚುತ್ತದೆ. ಪಾದವನ್ನು ನಿಧಾನವಾಗಿ ಬೆಚ್ಚಗಾಗಲು ಬಿಡಿ, ಕೆರೆಯಬೇಡಿ, ಒದ್ದೆ ಕಾಲುಚೀಲವನ್ನು ತಕ್ಷಣ ಬದಲಿಸಿ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. ಹುಣ್ಣಾದರೆ, ಕೀವಾದರೆ, ಬೆರಳು ಬಿಳಿಚಿಕೊಂಡು ಮರಗಟ್ಟಿದರೆ ವೈದ್ಯರನ್ನು ಕಾಣಲೇಬೇಕು. ನೆಗಡಿ ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್‌ಗೆ ಅದು ಜಗ್ಗದು. ಗೆಳೆಯರ ಬಳಿ ಉಳಿದ ಮಾತ್ರೆಗಳನ್ನು ನುಂಗಬೇಡಿ. ಸೋಪಿನಿಂದ 20 ಸೆಕೆಂಡು ಕೈ ತೊಳೆಯಿರಿ, ಬಾಯಾರದಿದ್ದರೂ ನೀರು ಕುಡಿಯಿರಿ.

ಪ್ರಶ್ನೆ: ಅಮ್ಮ ದಿನವೂ ರಾತ್ರಿ ಮಲಗುವ ಹೊತ್ತಿಗೆ ಫೋನ್ ಮಾಡುತ್ತಾರೆ. ‘ಚೆನ್ನಾಗಿದ್ದೇನೆ’ ಎನ್ನುತ್ತೇನೆ. ಫೋನ್ ಇಟ್ಟ ಮೇಲೆ ಅಳು ಬರುತ್ತದೆ. ಹೇಳಿದರೆ ಅವರು ನೊಂದುಕೊಳ್ಳುತ್ತಾರೆ, ಹೇಳದಿದ್ದರೆ ನನಗೆ ತಡೆಯಲಾಗುವುದಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಕೊನೆಗಿಟ್ಟುಕೊಂಡದ್ದು ಅದು ಸಣ್ಣದೆಂದಲ್ಲ. ಈ ನೋವಿಗೆ ಬಹಳ ಹಳೆಯ ಇತಿಹಾಸವಿದೆ. ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ, ‘ಮರಳುವಿಕೆ’ ಮತ್ತು ‘ನೋವು’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಸೇರಿಸಿ ಇದಕ್ಕೆ ‘ನಾಸ್ಟಾಲ್ಜಿಯಾ’ ಎಂಬ ಹೆಸರಿಟ್ಟ. ಅವನು ವಿವರಿಸಿದವರಲ್ಲಿ ಓದಲೆಂದು ಬೇರೆ ಊರಿಗೆ ಬಂದು ಹಾಸಿಗೆ ಹಿಡಿದ ಒಬ್ಬ ವಿದ್ಯಾರ್ಥಿಯೂ ಇದ್ದ. ಮನೆಗೆ ಕಳಿಸುತ್ತೇವೆ ಎಂದು ಹೊರಡಿಸಿದ ಮೇಲೆ, ಇನ್ನೂ ಊರು ಮುಟ್ಟುವ ಮೊದಲೇ ಅವನು ಚೇತರಿಸಿಕೊಂಡನಂತೆ. ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ, ಮುಂದಿನ ರಜೆಗೆ ಯಾವ ದಿನ ಊರಿಗೆ ಹೊರಡುತ್ತೀರಿ ಎಂಬುದನ್ನು ಈಗಲೇ ಗೊತ್ತುಮಾಡಿಕೊಂಡು ಟಿಕೆಟ್ ತೆಗೆದಿಡುವುದು. ಮುಗಿಯುವ ದಿನ ಗೊತ್ತಿದ್ದರೆ ನಡುವಿನ ದಿನಗಳನ್ನು ಕಳೆಯುವುದು ಸುಲಭ.

ಫೋನಿನ ಹೊತ್ತನ್ನು ಬದಲಿಸಿ. ಮಲಗುವ ವೇಳೆಗೆ ದಣಿವು, ಕತ್ತಲು, ಚಳಿ ಮೂರೂ ಸೇರಿರುತ್ತವೆ. ಫೋನ್ ಇಟ್ಟ ಮೇಲೆ ಅಳುವುದೊಂದನ್ನು ಬಿಟ್ಟರೆ ಬೇರೆ ಕೆಲಸವೂ ಇರುವುದಿಲ್ಲ. ಸಂಜೆ ಕಾಲೇಜಿನಿಂದ ಬರುತ್ತ ನಡೆಯುವಾಗ ಮಾತಾಡಿ. ಮಾತು ಮುಗಿದೊಡನೆ ಊಟವೋ, ಗೆಳೆಯರ ಜೊತೆ ಓದೋ ಕಾದಿರಲಿ.

ಏನು ಹೇಳಬೇಕು ಎಂಬ ಪ್ರಶ್ನೆಗೆ, ಎಲ್ಲವನ್ನೂ ಹೇಳುವುದು ಅಥವಾ ಏನನ್ನೂ ಹೇಳದಿರುವುದು ಎಂಬ ಎರಡೇ ದಾರಿಗಳಿವೆ ಎಂದು ನೀವು ಭಾವಿಸಿದಂತಿದೆ. ನಿಮ್ಮ ಅಮ್ಮನಿಗೆ ‘ಚೆನ್ನಾಗಿದ್ದೇನೆ’ ಎಂಬ ಮಾತಿನ ಕೊನೆಯ ಅಕ್ಷರದ ಸದ್ದಿನಲ್ಲೇ ಅರ್ಧ ವಿಷಯ ತಿಳಿದಿರುತ್ತದೆ. ಉಳಿದರ್ಧ ತಿಳಿಯದಿರುವುದೇ ಅವರನ್ನು ಹೆಚ್ಚು ಕಾಡುತ್ತದೆ. ದಿನಕ್ಕೊಂದು ನಿಜವಾದ ಸಣ್ಣ ಸಂಗತಿಯನ್ನು ಹೇಳಿ. ಇವತ್ತು ಕಾಲುಚೀಲ ಒಣಗಲಿಲ್ಲ ಎನ್ನಿ. ಅದಕ್ಕೆ ಅವರು ಒಂದು ಉಪಾಯ ಹೇಳುತ್ತಾರೆ, ನೀವು ಅದನ್ನು ಮಾಡಿ ನೋಡುತ್ತೀರಿ. ಮರುದಿನ ಸಂಜೆ ಫೋನ್ ಬಂದಾಗ, ಒಣಗಿತೇ ಎಂದು ಅವರೇ ಮೊದಲು ಕೇಳುತ್ತಾರೆ.